ಇಂಟರ್ನೆಟ್ ಕೊಡುವವರು ನಮ್ಮ ಓದನ್ನು ಮಾರಬಾರದು

ಉಡುಪಿ, ಮಣಿಪಾಲ, ಬ್ರಹ್ಮಾವರದ ಮನೆಗಳಲ್ಲೂ ಸಣ್ಣ ಕಚೇರಿಗಳಲ್ಲೂ ನೆಟ್‌ವರ್ಕ್ ಜೋಡಿಸಿಕೊಡುವುದು ನನ್ನ ವೃತ್ತಿ. ಹೊಸದಾಗಿ ಫೈಬರ್ ಸಂಪರ್ಕ ಪಡೆಯುವವರು ವೇಗವೆಷ್ಟು, ತಿಂಗಳ ಬಾಡಿಗೆ ಎಷ್ಟು, ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾದರೆ ಯಾರು ಬರುತ್ತಾರೆ ಎಂದು ತಪ್ಪದೆ ವಿಚಾರಿಸುತ್ತಾರೆ. ಆದರೆ ನಾವು ಯಾವ ಜಾಲತಾಣಗಳನ್ನು ನೋಡುತ್ತೇವೆ ಎಂಬುದನ್ನು ಸೇವಾದಾತರು ಗಮನಿಸಿ ಅದನ್ನು ಜಾಹೀರಾತಿನವರಿಗೆ ಒದಗಿಸುತ್ತಾರೆಯೇ ಎಂದು ಕೇಳುವವರು ತೀರ ವಿರಳ. ನಾನೇ ಆ ಮಾತೆತ್ತಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: "ಫೇಸ್‌ಬುಕ್‌ನವರಿಗೆ ಹೇಗೂ ಎಲ್ಲ ಗೊತ್ತುಂಟು, ಇವರಿಗೂ ಗೊತ್ತಾದರೆ ಏನಾಯಿತು ಮಾರಾಯ್ರೆ?"

ಈ ಪ್ರಶ್ನೆಗೆ ಗಂಭೀರವಾದ ಉತ್ತರ ಕೊಡಬೇಕಾಗಿದೆ. ಮೊಬೈಲಿನಲ್ಲಿ ಬೆನ್ನಟ್ಟಿ ಬರುವ ಜಾಹೀರಾತುಗಳಲ್ಲಿ ಹೆಚ್ಚಿನವು ಜಾಲತಾಣಗಳೂ ಆ್ಯಪ್‌ಗಳೂ ಇಟ್ಟುಕೊಂಡ ಗುರುತುಗಳಿಂದ ಹುಟ್ಟಿದವು; ಅವುಗಳಿಗೆ ಸೇವಾದಾತರನ್ನು ದೂರುವುದು ನ್ಯಾಯವಲ್ಲ. ಆದರೆ ಒಂದು ತಾಣ ಬೇಡವೆನಿಸಿದರೆ ಅದನ್ನು ಬಿಡಬಹುದು, ತಾಣಗಳು ನಮ್ಮ ಬ್ರೌಸರಿನಲ್ಲಿ ಇಡುವ ಕುಕಿಗಳೆಂಬ ಸಣ್ಣ ಗುರುತುಗಳನ್ನು ಅಳಿಸಬಹುದು, ಬ್ರೌಸರನ್ನೇ ಬದಲಿಸಬಹುದು. ಸೇವಾದಾತರ ವಿಷಯದಲ್ಲಿ ಇದು ಯಾವುದೂ ನಡೆಯುವುದಿಲ್ಲ, ಏಕೆಂದರೆ ನಾವು ಯಾವ ತಾಣಕ್ಕೆ ಹೋದರೂ ಅವರ ತಂತಿಯ ಮೂಲಕವೇ ಹೋಗಬೇಕು, ಮತ್ತು ನಮ್ಮ ಹೆಸರು, ವಿಳಾಸ, ಗುರುತಿನ ಚೀಟಿಯ ಪ್ರತಿ ಎಲ್ಲವೂ ಅವರ ಬಳಿ ಮೊದಲೇ ಇರುತ್ತದೆ. ಒಳಊರುಗಳಲ್ಲಿ ಮನೆಯವರೆಗೆ ಬರುವ ಕೇಬಲ್ ಒಂದೇ ಆಗಿರುವಾಗ ಬೇರೆಯವರನ್ನು ಆರಿಸಿಕೊಳ್ಳುವ ಮಾತೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಈ ಸೇವೆ ಬಿಟ್ಟಿಯಲ್ಲ. ಪ್ರತಿ ತಿಂಗಳು ನಾವು ಅದಕ್ಕೆ ಹಣ ಕಟ್ಟುತ್ತೇವೆ. ಮೆಸ್ಕಾಂನ ಮೀಟರು ಎಷ್ಟು ಯೂನಿಟ್ ಉರಿಯಿತೆಂದು ಲೆಕ್ಕ ಹಾಕುತ್ತದೆಯೇ ಹೊರತು, ರಾತ್ರಿ ಎರಡು ಗಂಟೆಗೆ ಯಾರ ಕೋಣೆಯಲ್ಲಿ ಏಕೆ ದೀಪ ಉರಿಯಿತೆಂದು ಕೇಳಿ ಅದನ್ನು ಅಂಗಡಿಯವರಿಗೆ ಹೇಳುವುದಿಲ್ಲ. ಇಂಟರ್ನೆಟ್ ಕೊಡುವವರಿಂದ ನಾನು ಬಯಸುವುದೂ ಅಷ್ಟನ್ನೇ.

ಇದು ಕಲ್ಪನೆಯ ಭಯವಲ್ಲ. 2008ರ ಆರಂಭದಲ್ಲಿ ಬ್ರಿಟನ್ನಿನ ಮೂರು ದೊಡ್ಡ ಸೇವಾದಾತರಾದ ಬಿಟಿ, ವರ್ಜಿನ್ ಮೀಡಿಯಾ ಮತ್ತು ಟಾಕ್‌ಟಾಕ್, ಫಾರ್ಮ್ ಎಂಬ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿರುವುದು ಪ್ರಕಟವಾಯಿತು. ಗ್ರಾಹಕರು ತೆರೆಯುವ ಪುಟಗಳನ್ನು ಜಾಲದ ಮಧ್ಯದಲ್ಲೇ ಪರಿಶೀಲಿಸಿ, ಅವರ ಆಸಕ್ತಿಗಳನ್ನು ವಿಂಗಡಿಸಿ, ಅದಕ್ಕೆ ತಕ್ಕ ಜಾಹೀರಾತು ತೋರಿಸುವುದು ಯೋಜನೆಯ ತಿರುಳು. ಬಿಟಿ ಸಂಸ್ಥೆ 2006 ಮತ್ತು 2007ರಲ್ಲಿ ಗ್ರಾಹಕರಿಗೆ ಒಂದು ಮಾತೂ ಹೇಳದೆ ಇದರ ಪ್ರಯೋಗ ನಡೆಸಿತ್ತೆಂಬುದು ಹೊರಬಂದಾಗ ಜನರ ಅಸಮಾಧಾನ ಆಕ್ರೋಶವಾಗಿ ಬದಲಾಯಿತು. ಪ್ರಧಾನಿ ಕಚೇರಿಯ ತಾಣದಲ್ಲಿ ಸಲ್ಲಿಕೆಯಾದ ಮನವಿಗೆ 20,000ಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ವರ್ಲ್ಡ್ ವೈಡ್ ವೆಬ್ ಅನ್ನು ರೂಪಿಸಿದ ಟಿಮ್ ಬರ್ನರ್ಸ್ ಲೀ ಅವರು ತಮ್ಮ ಸೇವಾದಾತರು ಇಂಥ ವ್ಯವಸ್ಥೆ ತಂದರೆ ಅವರನ್ನೇ ಬದಲಿಸುವುದಾಗಿ ಬಹಿರಂಗವಾಗಿ ಹೇಳಿದರು.

ನನ್ನ ವೃತ್ತಿಯವರು ಈ ಪ್ರಕರಣದಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು ಕೇಂಬ್ರಿಜ್‌ನ ಭದ್ರತಾ ಸಂಶೋಧಕ ರಿಚರ್ಡ್ ಕ್ಲೇಟನ್ ಅವರ ವರದಿಯನ್ನು. ಕಂಪನಿಯವರಿಂದಲೇ ವ್ಯವಸ್ಥೆಯ ವಿವರಣೆ ಪಡೆದು ಅವರು ಅದರ ಒಳಗನ್ನು ಬಿಡಿಸಿಟ್ಟರು. ಗ್ರಾಹಕ ಒಂದು ಪುಟವನ್ನು ಕೇಳಿದಾಗ ಅವನ ಬ್ರೌಸರನ್ನು ಮೂರು ಬಾರಿ ಬೇರೆ ಬೇರೆ ಕಡೆಗೆ ತಿರುಗಿಸಿ, ಅವನು ಹೋಗಬೇಕೆಂದಿದ್ದ ತಾಣದ ಹೆಸರಿನಲ್ಲೇ ಒಂದು ನಕಲಿ ಕುಕಿಯನ್ನು ಅವನ ಕಂಪ್ಯೂಟರಿನಲ್ಲಿ ಇರಿಸಲಾಗುತ್ತಿತ್ತು. ಆ ತಾಣದ ಒಡೆಯನಿಗೆ ಇದರ ಸುಳಿವೇ ಇರುತ್ತಿರಲಿಲ್ಲ. ಇಲ್ಲಿ ಎರಡನೆಯ ಆಕ್ಷೇಪ ಹುಟ್ಟುತ್ತದೆ: ಸಂವಾದದಲ್ಲಿ ಇಬ್ಬರಿರುತ್ತಾರೆ, ಗ್ರಾಹಕನು ಒಪ್ಪಿದರೂ ಪುಟವನ್ನು ಬರೆದವನು ಒಪ್ಪಿಲ್ಲ. ಅಮೆಜಾನ್ ಮತ್ತು ವಿಕಿಮೀಡಿಯಾ 2009ರ ಏಪ್ರಿಲ್‌ನಲ್ಲಿ ತಮ್ಮ ತಾಣಗಳನ್ನು ಈ ಪರಿಶೀಲನೆಯಿಂದ ಹೊರಗಿಡಬೇಕೆಂದು ತಿಳಿಸಿದವು. ಅದೇ ತಿಂಗಳು ಐರೋಪ್ಯ ಆಯೋಗವು ಬ್ರಿಟನ್ನಿನ ಮೇಲೆ ಕಾನೂನು ಕ್ರಮ ಆರಂಭಿಸಿತು, ಮತ್ತು ಜುಲೈಯಲ್ಲಿ ಬಿಟಿ ಯೋಜನೆಯನ್ನು ಕೈಬಿಟ್ಟಿತು. ರಹಸ್ಯ ಪ್ರಯೋಗಕ್ಕಾಗಿ ಯಾರ ಮೇಲೂ ಮೊಕದ್ದಮೆ ಹೂಡುವುದಿಲ್ಲವೆಂದು ಅಲ್ಲಿನ ಅಭಿಯೋಜಕರು 2011ರಲ್ಲಿ ನಿರ್ಧರಿಸಿದ್ದು ನನ್ನ ದೃಷ್ಟಿಯಲ್ಲಿ ಅನ್ಯಾಯವೇ. ಆದರೂ ಅದೇ ವರ್ಷ ಬ್ರಿಟನ್ ತನ್ನ ಕಾನೂನನ್ನು ತಿದ್ದಬೇಕಾಯಿತು.

ಅಮೆರಿಕದ ಕಥೆ ಇಷ್ಟು ಸಮಾಧಾನಕರವಲ್ಲ. ವೆರೈಝನ್ ಕಂಪನಿ 2012ರಿಂದ ತನ್ನ ಮೊಬೈಲ್ ಗ್ರಾಹಕರು ಜಾಲತಾಣಗಳಿಗೆ ಕಳಿಸುವ ಕೋರಿಕೆಗಳಿಗೆ ಅಳಿಸಲಾಗದ ಗುರುತೊಂದನ್ನು ಜಾಲದಲ್ಲೇ ಸೇರಿಸುತ್ತಿತ್ತು. ಅದು ಬಯಲಾಗಿ 2016ರಲ್ಲಿ 13.5 ಲಕ್ಷ ಡಾಲರ್ ದಂಡ ತೆರಬೇಕಾಯಿತು. ಎಟಿ ಆ್ಯಂಡ್ ಟಿ ಕೆಲವು ವರ್ಷ ಇನ್ನೊಂದು ದಾರಿ ಹಿಡಿದಿತ್ತು: ತಮ್ಮ ಬ್ರೌಸಿಂಗನ್ನು ಜಾಹೀರಾತಿಗೆ ಬಳಸಬಾರದೆಂದರೆ ಗ್ರಾಹಕರು ತಿಂಗಳಿಗೆ ಸುಮಾರು 29 ಡಾಲರ್ ಹೆಚ್ಚು ಕೊಡಬೇಕಿತ್ತು. ಖಾಸಗಿತನವನ್ನು ಉಳ್ಳವರ ಸೌಕರ್ಯವಾಗಿಸುವ ಈ ವಿಧಾನವನ್ನು ನಾನು ಎಲ್ಲಕ್ಕಿಂತ ಅಪಾಯಕಾರಿ ಎಂದು ಭಾವಿಸುತ್ತೇನೆ, ಏಕೆಂದರೆ ಬೆಲೆಯನ್ನು ಎಣಿಸಿ ನೋಡುವ ನಮ್ಮ ಮಾರುಕಟ್ಟೆಗೆ ಅದು ರಿಯಾಯಿತಿಯ ವೇಷದಲ್ಲಿ ಸುಲಭವಾಗಿ ಬರಬಹುದು. ಗ್ರಾಹಕರ ಮುಂಗಡ ಒಪ್ಪಿಗೆಯನ್ನು ಕಡ್ಡಾಯಗೊಳಿಸಿ 2016ರಲ್ಲಿ ಅಲ್ಲಿ ರೂಪಿಸಿದ ನಿಯಮಗಳನ್ನು 2017ರಲ್ಲಿ ಸಂಸತ್ತೇ ರದ್ದುಪಡಿಸಿತು.

ನಮ್ಮಲ್ಲಿಯೂ ಜಾಲದ ಮಧ್ಯೆ ಕೈಯಾಡಿಸಿದ ನಿದರ್ಶನವಿದೆ. 2015ರ ಜೂನ್‌ನಲ್ಲಿ ಬೆಂಗಳೂರಿನ ತಂತ್ರಜ್ಞರೊಬ್ಬರು ಏರ್‌ಟೆಲ್‌ನ 3ಜಿ ಸಂಪರ್ಕದಲ್ಲಿ ತಮ್ಮ ತಾಣವನ್ನು ತೆರೆದಾಗ, ತಾವು ಬರೆಯದ ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಂ) ಪುಟದೊಳಗೆ ಸೇರಿರುವುದನ್ನು ಕಂಡು ಬಹಿರಂಗಪಡಿಸಿದರು. ಡೇಟಾ ಬಳಕೆಯ ಪ್ರಮಾಣವನ್ನು ಗ್ರಾಹಕರಿಗೆ ತಿಳಿಸಲು ಅದನ್ನು ಪ್ರಯೋಗಿಸಲಾಗಿದೆ ಎಂಬುದು ಕಂಪನಿಯ ವಿವರಣೆಯಾಗಿತ್ತು. ಆದರೆ ಬಯಲು ಮಾಡಿದವರಿಗೆ ಸಿಕ್ಕಿದ್ದು ಆ ತಂತ್ರಾಂಶವನ್ನು ಒದಗಿಸಿದ ಇಸ್ರೇಲಿನ ಕಂಪನಿಯ ಪರವಾದ ವಕೀಲರ ನೋಟಿಸು.

ಈಗ ಬಹುಪಾಲು ತಾಣಗಳು ಮಾಹಿತಿಯನ್ನು ಗೂಢಲಿಪಿಯಲ್ಲಿ ಸಾಗಿಸುವ ಎಚ್‌ಟಿಟಿಪಿಎಸ್ ಬಳಸುವುದರಿಂದ ಪುಟದೊಳಗಿನ ಬರಹವನ್ನು ಸೇವಾದಾತರು ಓದಲಾರರು. ಆದರೂ ತಾಣದ ಹೆಸರು, ಹೋದ ಸಮಯ, ಕಳೆದ ಹೊತ್ತು, ಹರಿದ ಡೇಟಾದ ಪ್ರಮಾಣ ಅವರಿಗೆ ಸಾಮಾನ್ಯವಾಗಿ ಕಾಣುತ್ತದೆ. ಹೆಸರಷ್ಟೇ ಸಾಕಾಗುತ್ತದೆ. ಡಯಾಲಿಸಿಸ್ ಕೇಂದ್ರದ ತಾಣ, ಮದ್ಯ ಬಿಡಿಸುವ ಶಿಬಿರದ ತಾಣ, ಚಿನ್ನದ ಸಾಲ ಕೊಡುವವರ ತಾಣ ಒಂದೇ ವಾರದಲ್ಲಿ ಒಂದೇ ಮನೆಯಿಂದ ತೆರೆದುಕೊಂಡರೆ ಆ ಮನೆಯ ಸಂಕಟವನ್ನು ಊಹಿಸಲು ಒಳಗಿನ ಅಕ್ಷರಗಳನ್ನು ಓದಬೇಕಾಗಿಲ್ಲ. ತಾಣದ ಹೆಸರಿಗೆ ವಿಳಾಸ ಹುಡುಕುವ ವ್ಯವಸ್ಥೆಯೇ ಡಿಎನ್‌ಎಸ್; ಫೋನಿನ ಸೆಟ್ಟಿಂಗ್‌ನಲ್ಲಿ ಆ ಹುಡುಕಾಟವನ್ನು ಗೂಢವಾಗಿಸುವ ಪ್ರೈವೇಟ್ ಡಿಎನ್‌ಎಸ್ ಆನ್ ಮಾಡುವುದು ಅಥವಾ ನಮ್ಮ ಸಂಪರ್ಕವನ್ನು ಬೇರೊಬ್ಬರ ಮೂಲಕ ಗೂಢವಾಗಿ ಸಾಗಿಸುವ ವಿಪಿಎನ್ ಬಳಸುವುದು ಸ್ವಲ್ಪ ಮಟ್ಟಿಗೆ ನೆರವಾಗುತ್ತದೆ. ಆದರೆ ನಂಬಿಕೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸಿದಂತಾಗುತ್ತದೆ ಅಷ್ಟೆ. ರಕ್ಷಣೆಯ ಹೊರೆಯನ್ನು ಪೂರ್ತಿಯಾಗಿ ಗ್ರಾಹಕರ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ.

ಒಪ್ಪಿಗೆ ಪಡೆದೇ ಮಾಡುತ್ತೇವೆ ಎಂಬ ವಾದಕ್ಕೆ ಕರಾವಳಿಯ ಮನೆಗಳೇ ಉತ್ತರ. ಎಷ್ಟೋ ಕಡೆ ಸಂಪರ್ಕ ಅಮ್ಮನ ಹೆಸರಿನಲ್ಲಿರುತ್ತದೆ, ಹಣ ಕಟ್ಟುವ ಮಗ ಮಸ್ಕತ್‌ನಲ್ಲೋ ದುಬೈಯಲ್ಲೋ ಇರುತ್ತಾನೆ, ಬಳಸುವವರು ಸೊಸೆ, ಶಾಲೆಗೆ ಹೋಗುವ ಮೊಮ್ಮಕ್ಕಳು, ಮಹಡಿಯಲ್ಲಿ ಬಾಡಿಗೆಗಿರುವ ವಿದ್ಯಾರ್ಥಿಗಳು. ಅರ್ಜಿಯ ಕೊನೆಯಲ್ಲಿ ಅಮ್ಮ ಹಾಕಿದ ಒಂದು ಸಹಿ ಇವರೆಲ್ಲರ ಓದನ್ನು ನೋಡಲು ಪರವಾನಗಿಯಾಗಲಾರದು.

ಕಾನೂನು ಈಗ ನಮ್ಮ ಕಡೆಗೆ ಸ್ವಲ್ಪ ವಾಲಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆಯು ಮುಕ್ತವಾಗಿ, ನಿರ್ದಿಷ್ಟ ಉದ್ದೇಶಕ್ಕೆ, ಷರತ್ತಿಲ್ಲದೆ, ಗ್ರಾಹಕರ ಸ್ಪಷ್ಟ ಕ್ರಿಯೆಯಿಂದ ಕೊಟ್ಟದ್ದಾಗಿರಬೇಕು, ಮತ್ತು ಅದನ್ನು ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲು ಸಾಧ್ಯವಿರಬೇಕು. 18 ವರ್ಷದೊಳಗಿನವರ ನಡವಳಿಕೆಯನ್ನು ಹಿಂಬಾಲಿಸುವುದಕ್ಕೂ ಅವರನ್ನು ಗುರಿಯಾಗಿಸಿದ ಜಾಹೀರಾತಿಗೂ ಅದು ನಿಷೇಧ ಹೇಳುತ್ತದೆ. ಒಂದೇ ರೂಟರಿನ ಹಿಂದೆ ಅಜ್ಜಿಯೂ ಮೊಮ್ಮಗಳೂ ಇರುವಾಗ ಸೇವಾದಾತರು ಇದನ್ನು ಹೇಗೆ ಪಾಲಿಸಬಲ್ಲರು ಎಂಬುದಕ್ಕೆ ಅವರೇ ಉತ್ತರಿಸಬೇಕು. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ.

ಈ ಅವಧಿಯಲ್ಲಿ ಕಂಪನಿಗಳು ಹೊಸ ಅರ್ಜಿ ನಮೂನೆಗಳನ್ನು ಸಿದ್ಧಪಡಿಸಲಿವೆ, ಆದ್ದರಿಂದ ಕೇಳುವ ಕಾಲ ಇದೇ. ಬ್ರೌಸಿಂಗ್ ಅಥವಾ ಡಿಎನ್‌ಎಸ್ ಮಾಹಿತಿಯನ್ನು ಜಾಹೀರಾತಿಗೆ ಬಳಸುತ್ತೀರಾ, ಬೇರೆಯವರಿಗೆ ಕೊಡುತ್ತೀರಾ, ಪರವಾನಗಿಯ ಷರತ್ತಿನಂತೆ ಸರ್ಕಾರಕ್ಕಾಗಿ ಇಟ್ಟುಕೊಳ್ಳುವ ದಾಖಲೆಗಳನ್ನು ಮಾರಾಟ ವಿಭಾಗದ ಕೈಗೆ ಸಿಗದಂತೆ ಬೇರೆಯಾಗಿ ಇರಿಸಿದ್ದೀರಾ ಎಂದು ಸೇವಾದಾತರಿಗೆ ಇ-ಮೇಲ್ ಅಥವಾ ಪತ್ರದ ಮೂಲಕ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಒಪ್ಪಿಗೆಯ ಕೋರಿಕೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಗ್ರಾಹಕರಿಗೆ ನೀಡಬೇಕೆಂದು ಕಾಯ್ದೆ ಹೇಳುತ್ತದೆ. ತುಳು ಇನ್ನೂ ಆ ಪಟ್ಟಿಯಲ್ಲಿಲ್ಲ, ಕನ್ನಡ ಇದೆ; ಕನ್ನಡದ ನಮೂನೆ ಕೈಗೆ ಬರುವವರೆಗೆ ಜಾಹೀರಾತಿಗೆ ಒಪ್ಪಿಗೆ ಕೇಳುವ ಚೌಕಕ್ಕೆ ಗುರುತು ಹಾಕಬೇಡಿ ಎಂದು ನನ್ನ ಗ್ರಾಹಕರಿಗೆಲ್ಲ ಹೇಳುತ್ತಿದ್ದೇನೆ.