ಯುನೆಸ್ಕೋ ಮಾತು ನಮ್ಮ ಕಾನೂನಿಗಿಂತ ದೊಡ್ಡದಾ?

ಪ್ರಶ್ನೆ: ನಮ್ಮದು ಗಂಗಾವತಿ ತಾಲ್ಲೂಕು, ಆನೆಗೊಂದಿ ಹತ್ತಿರದ ಊರು. ಏನು ಕಟ್ಟಲು ಹೋದರೂ "ಯುನೆಸ್ಕೋ ಬಿಡಲ್ಲ" ಅಂತಾರೆ. ಹೊರಗಿನ ಒಪ್ಪಂದ ನಮ್ಮ ಕಾನೂನು, ಸಂವಿಧಾನವನ್ನೂ ಮೀರುತ್ತದಾ?

ಇಲ್ಲ. ನಿಮ್ಮನ್ನು ತಡೆಯುತ್ತಿರುವುದು ನಮ್ಮದೇ ಕಾನೂನು.

ಭಾರತ ಯುನೆಸ್ಕೋದ ವಿಶ್ವ ಪರಂಪರೆ ಒಪ್ಪಂದಕ್ಕೆ ಸೇರಿದ್ದು 1977ರಲ್ಲಿ, ಹಂಪಿ ವಿಶ್ವ ಪರಂಪರೆ ತಾಣಗಳ ಪಟ್ಟಿಗೆ ಸೇರಿದ್ದು 1986ರಲ್ಲಿ. ಹಂಪಿ ಸ್ಮಾರಕಗಳ ನಡುವೆ ತುಂಗಭದ್ರೆಗೆ ಕಟ್ಟುತ್ತಿದ್ದ ಆನೆಗೊಂದಿ–ತಳವಾರಘಟ್ಟ ಸೇತುವೆಯ ಗಲಾಟೆ ಹಿರಿಯರಿಗೆ ನೆನಪಿರಬೇಕು. ಆಗ ಯುನೆಸ್ಕೋ ಮಾಡಿದ್ದು ಇಷ್ಟೇ: 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು. ಸೇತುವೆ ಕೆಡವಿ ಎಂದು ಆದೇಶ ಕೊಡುವ ಅಧಿಕಾರ ಅದಕ್ಕಿರಲಿಲ್ಲ. (2009ರಲ್ಲಿ ಅದು ತಾನಾಗೇ ಕುಸಿದದ್ದು ಬೇರೆ ಮಾತು.) ಆದರೆ ಹೆಸರು ಕೆಡುವ ಭಯ ಸಣ್ಣದಲ್ಲ, ಅಲ್ವಾ? ರಾಜ್ಯವೇ 2002ರ ಕಾಯ್ದೆಯಡಿ ಹಂಪಿ ಪ್ರದೇಶ ನೋಡಿಕೊಳ್ಳಲು ಹಂಪಿ ಪ್ರಾಧಿಕಾರ ರಚಿಸಿತು. 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂತು.

ಹಂಪಿ ಎದುರಿನ ನಡುಗಡ್ಡೆ ವಿರುಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನೇ ನೋಡಿ. 2020ರಲ್ಲಿ ಅವು ಅಕ್ರಮ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1961ರ ರಾಜ್ಯ ಸ್ಮಾರಕ ಕಾಯ್ದೆ ಮತ್ತು ಅದರಡಿಯ 1988ರ ಅಧಿಸೂಚನೆ ಹಿಡಿದು. ಹಾಗಾಗಿ ಯಾರಾದರೂ ಸುಮ್ನೆ "ಯುನೆಸ್ಕೋ" ಅಂದರೆ ಯಾವ ಕಾಯ್ದೆ, ಯಾವ ಅಧಿಸೂಚನೆ ಎಂದು ಬರವಣಿಗೆಯಲ್ಲಿ ಕೇಳಿ. ಅದನ್ನು ನಮ್ಮ ಕೋರ್ಟಿನಲ್ಲೇ ಪ್ರಶ್ನಿಸಬಹುದು.

ನಮ್ಮಲ್ಲಿ ಒಪ್ಪಂದಕ್ಕೆ ಸಹಿ ಹಾಕುವುದು ಕೇಂದ್ರ ಸರ್ಕಾರ. ಜನರ ಹಕ್ಕು ಬದಲಾಗಬೇಕಾದರೆ ಬರೀ ಸಹಿ ಸಾಲದು, ಕಾನೂನು ಬೇಕು. ಸಂವಿಧಾನದ 253ನೇ ವಿಧಿ ಆ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ, ಅದೂ ರಾಜ್ಯಪಟ್ಟಿಯ ವಿಷಯಗಳಲ್ಲೂ. ನನ್ನ ಪ್ರಕಾರ ಜಾಸ್ತಿ ಚರ್ಚೆ ಆಗಬೇಕಾದದ್ದು ಇದು. ಕೃಷಿ ರಾಜ್ಯದ ವಿಷಯ. ಆದರೂ ವಿದೇಶದ ಜತೆ ಒಪ್ಪಂದವಾದರೆ ಅದರ ಜಾರಿಗೆ ದೆಹಲಿಯಲ್ಲೇ ಕಾನೂನು ಮಾಡಬಹುದು.

ಒಪ್ಪಂದಕ್ಕೂ ಕಾನೂನಿಗೂ ನೇರ ಜಗಳ ಬಿದ್ದರೆ ನಮ್ಮ ಕೋರ್ಟು ಕಾನೂನಿನ ಕಡೆ. ಕಾನೂನೇ ಇಲ್ಲದ ಕಡೆ ಒಪ್ಪಂದ ನೆರವಿಗೆ ಬರುತ್ತದೆ. ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ 1997ರ ವಿಶಾಖಾ ತೀರ್ಪು ಬಂದದ್ದು ಹಾಗೆ. ಕಾಯ್ದೆ ಬಂದದ್ದು 2013ರಲ್ಲಿ!

ಎಲ್ಲ ದೇಶಗಳೂ ಹೀಗಿಲ್ಲ. ನೆದರ್ಲೆಂಡ್ಸ್‌ನಲ್ಲಿ ಸಂಸತ್ತಿನ ಮೂರನೇ ಎರಡು ಮತ ಸಿಕ್ಕರೆ, ಸಂವಿಧಾನಕ್ಕೆ ಹೊಂದದ ಒಪ್ಪಂದಕ್ಕೂ ಒಪ್ಪಿಗೆ ಕೊಡಬಹುದು.

ನಮ್ಮಲ್ಲಿ ಅದು ನಡೆಯುವುದಿಲ್ಲ. 1958ರಲ್ಲಿ ಪಶ್ಚಿಮ ಬಂಗಾಳದ ಗಡಿ ಪ್ರದೇಶ ಬೇರುಬಾರಿಯ ಅರ್ಧ ಭಾಗವನ್ನು ಪಾಕಿಸ್ತಾನಕ್ಕೆ ಕೊಡಲು ನೆಹರೂ ಸರ್ಕಾರ ಒಪ್ಪಿತ್ತು. ಸಂವಿಧಾನ ತಿದ್ದದೆ ಭಾರತದ ನೆಲ ಬಿಟ್ಟುಕೊಡುವಂತಿಲ್ಲ ಎಂದು 1960ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬಾಂಗ್ಲಾದೇಶದ ಜತೆ 1974ರಲ್ಲಿ ಆದ ಗಡಿ ಒಪ್ಪಂದ ಪೂರ್ತಿ ಜಾರಿಯಾಗಲು 2015ರ 100ನೇ ತಿದ್ದುಪಡಿವರೆಗೆ ಕಾಯಬೇಕಾಯಿತು.