ಎಲ್ಲ ಫ್ರೀ ಕೊಟ್ಟರೆ ಸಂಬಳ ಕೊಡುವವರು ಯಾರು?

ಪ್ರಶ್ನೆ: ಮಗಳು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಕ್ಯಾಂಪಸ್ ಇಂಟರ್‌ವ್ಯೂಗೆ ಕೂರುವುದಿಲ್ಲವಂತೆ, ಸ್ವತಂತ್ರ ತಂತ್ರಾಂಶದ ಕಾರ್ಯಕರ್ತೆ ಆಗುತ್ತಾಳಂತೆ. ಎಲ್ಲ ಫ್ರೀ ಕೊಟ್ಟರೆ ಹೊಟ್ಟೆಗೆಂತ?
– ಒಬ್ಬ ತಂದೆ, ಸುರತ್ಕಲ್

ಉತ್ತರ: ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ. ನಿಮ್ಮನ್ನು ಹೆದರಿಸಿದ್ದು ಆ ‘ಫ್ರೀ’ ಎಂಬ ಶಬ್ದ. ಇಂಗ್ಲಿಷಿನವರಿಗೆ ಬಿಟ್ಟಿಗೂ ಬಿಡುಗಡೆಗೂ ಅದೊಂದೇ ಶಬ್ದ, ಪಾಪ. ನಮ್ಮಲ್ಲಿ ‘ಉಚಿತ’ ಬೇರೆ, ‘ಸ್ವತಂತ್ರ’ ಬೇರೆ. ಆದರೂ ‘ಉಚಿತ ತಂತ್ರಾಂಶ’ ಅಂತಲೇ ಬರೆಯುತ್ತೇವಲ್ಲ ಮಾರಾಯ್ರೆ!

ಯಕ್ಷಗಾನವನ್ನೇ ನೋಡಿ. ಹಳೆಯ ಕವಿ ಪಾರ್ತಿಸುಬ್ಬನ ಪ್ರಸಂಗ ಆಡಲು ಯಾರ ಅಪ್ಪಣೆಯೂ ಬೇಡ. ಓದಬಹುದು, ನಕಲು ಮಾಡಿ ಹಂಚಬಹುದು, ತಿದ್ದಬಹುದು, ತಿದ್ದಿದ್ದನ್ನೂ ಹಂಚಬಹುದು. ನನಗೆ ಪರಿಚಯದ ಭಾಗವತರೊಬ್ಬರ ಪ್ರಸಂಗ ಪುಸ್ತಕದ ಅಂಚಿನಲ್ಲೆಲ್ಲ ಪೆನ್ಸಿಲ್ ಗುರುತು: ಈ ಪದ ಬಿಡುವುದು, ಇಲ್ಲಿ ಝಂಪೆ ತಾಳ ಬೇಡ ಏಕತಾಳ ಸಾಕು. ಶಿಷ್ಯರು ಅದನ್ನೇ ಫೋನಿನಲ್ಲಿ ಫೋಟೊ ಹೊಡೆದುಕೊಳ್ಳುತ್ತಾರೆ. ಹಾಗಂತ ಮೇಳದವರು ಆಟ ಬಿಟ್ಟಿ ಆಡುತ್ತಾರೆಯೇ? ಕಟೀಲಿನ ಹರಕೆ ಆಟಕ್ಕೆ ವರ್ಷಗಟ್ಟಲೆ ಮೊದಲೇ ಬುಕ್ಕಿಂಗ್. ಪದ ಎಲ್ಲರದ್ದು, ವೀಳ್ಯ ಹಾಡಿದವರದ್ದು.

ತಂತ್ರಾಂಶದಲ್ಲೂ ಲೆಕ್ಕ ಅಷ್ಟೇ. ಈ ಚಳವಳಿ ಶುರುಮಾಡಿದ ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ, ಯಾರು ಬೇಕಾದರೂ ಬಳಸಿ ತಿದ್ದಿ ಹಂಚಬಹುದಾದ ತಂತ್ರಾಂಶ ಕಟ್ಟುವ ಗ್ನೂ ಯೋಜನೆ ಘೋಷಿಸಿ, ಮರುವರ್ಷ ಜನವರಿಯಲ್ಲಿ ಎಂಐಟಿ ವಿಶ್ವವಿದ್ಯಾಲಯದ ಕೆಲಸ ಬಿಟ್ಟರು. ಬರೆದದ್ದರ ಮೇಲೆ ಸಂಸ್ಥೆ ಹಕ್ಕು ಹೇಳಬಾರದಲ್ಲ, ಅದಕ್ಕೆ. ಆಮೇಲೆ ಹೊಟ್ಟೆಪಾಡಿಗೆ ಕೋಡ್ ಬರೆಯಲು ಬಳಸುವ ತಮ್ಮದೇ ಈಮ್ಯಾಕ್ಸ್ ತಂತ್ರಾಂಶವನ್ನು ಟೇಪಿಗೆ ಹಾಕಿ ಮಾರಿದರು, ಒಂದಕ್ಕೆ 150 ಡಾಲರ್! ಇಂಟರ್‌ನೆಟ್ ಇದ್ದವರು ಅದನ್ನೇ ಕಾಸಿಲ್ಲದೆ ಇಳಿಸಿಕೊಳ್ಳುತ್ತಿದ್ದರು. ಇಂಥ ತಂತ್ರಾಂಶಕ್ಕೆ ಅವರೇ ಬರೆದ 1989ರ ಜಿಪಿಎಲ್ ಪರವಾನಗಿಯಲ್ಲೂ ಪ್ರತಿ ಮಾಡಿಕೊಟ್ಟದ್ದಕ್ಕೆ ಹಣ ತೆಗೆದುಕೊಳ್ಳಬಹುದು ಅಂತ ಸ್ಪಷ್ಟವಾಗಿ ಉಂಟು. ಲಿನಕ್ಸ್ ಎಂಬ ಸ್ವತಂತ್ರ ತಂತ್ರಾಂಶವನ್ನು ನಂಬಿಯೇ ಬೆಳೆದ ರೆಡ್ ಹ್ಯಾಟ್ ಕಂಪನಿಯನ್ನು ಐಬಿಎಂ 2019ರಲ್ಲಿ ಕೊಂಡದ್ದು 3,400 ಕೋಟಿ ಡಾಲರಿಗೆ. ಬಿಟ್ಟಿ ಸರಕಿಗೆ ಈ ಕ್ರಯವೇ?

ಇನ್ನು ನಿಮ್ಮ ಮಗಳ ವಿಷಯ. ಬರೀ ಭಾಷಣ, ಶಿಬಿರ ಅಂತ ತಿರುಗಿದರೆ ದುಡ್ಡು ಕಮ್ಮಿ, ಅದನ್ನು ಮುಚ್ಚಿಡುವುದಿಲ್ಲ. ಹೆಚ್ಚಿನವರು ಹಗಲು ಸರ್ವರ್ ನೋಡಿಕೊಳ್ಳುವುದೋ ಕಾಲೇಜಿನಲ್ಲಿ ಪಾಠವೋ ಮಾಡಿ, ರಾತ್ರಿ ಚಳವಳಿ ಮಾಡುತ್ತಾರೆ. ಅವಳು ಬರೆದ ಕೋಡ್ ಯಾವ ಯೋಜನೆಗೆ ಸೇರಿದೆ, ಕೇಳಿ ನೋಡಿ. ಕೆಲಸ ಕೊಡುವವರೂ ಅದನ್ನೇ ಕೇಳುತ್ತಾರೆ.

ನೀವು ಕೇಳದಿದ್ದರೂ ಒಂದು ಹೇಳಿಬಿಡುತ್ತೇನೆ. ಗಡಿಯ ತಲಪಾಡಿ ಟೋಲ್ ಗೇಟ್ ದಾಟಿ ಕೇರಳದ ಕಾಸರಗೋಡಿನ ಯಾವುದಾದರೂ ಸರಕಾರಿ ಹೈಸ್ಕೂಲಿಗೆ ಹೋಗಿ. ಕನ್ನಡ ಮಾಧ್ಯಮದ ಮಕ್ಕಳೂ ಅಲ್ಲಿ ಕಲಿಯುವುದು ಗ್ನೂ/ಲಿನಕ್ಸ್ ಕಂಪ್ಯೂಟರಿನಲ್ಲಿ. ಅದನ್ನು ಶಾಲೆಗಳಿಗಂತಲೇ ಸಜ್ಜು ಮಾಡುವುದು, ಮಾಸ್ತರರಿಗೆ ತರಬೇತಿ ಕೊಡುವುದು ಎಲ್ಲ ಕೇರಳ ಸರಕಾರದ ಕೈಟ್ ಸಂಸ್ಥೆ. ಅಲ್ಲಿ ದುಡಿಯುವವರಿಗೆ ತಿಂಗಳ ಸಂಬಳವೂ ಉಂಟು. ಟೋಲ್ ಗೇಟಿನ ಈಚೆಗೆ ಅದು ಅಷ್ಟರ ಮಟ್ಟಿಗೆ ಯಾಕೆ ಬರಲಿಲ್ಲ ಅಂತ ನಿಮ್ಮ ಶಾಸಕರನ್ನು ಕೇಳಿ. ನನಗೆ ಬರೆಯುವ ಕಾಗದ ಒಂದು ಉಳಿಯುತ್ತದೆ.