ಬೀಗಲ್‌ಗೆ ಕೂಲಿ ಏನು? ನಗರದ ಮನೆಯಲ್ಲಿ ಮೂಗಿನ ಬೇಟೆನಾಯಿಯ ತರಬೇತಿ

ಬೀಗಲ್ ಸಾಕಿದವರ ದೂರು ಹೆಚ್ಚುಕಡಿಮೆ ಒಂದೇ: ಮನೆಯೊಳಗೆ ಹೇಳಿದ್ದನ್ನೆಲ್ಲ ಕೇಳುತ್ತದೆ, ಗೇಟು ದಾಟಿತೆಂದರೆ ಜಪ್ಪಯ್ಯ ಎಂದರೂ ತಿರುಗಿ ನೋಡುವುದಿಲ್ಲ. ನಾಯಿ ತರಬೇತಿ ಕಲಿಯುತ್ತಿರುವ ನಾವು ಇದನ್ನು ‘ಹಠ’ ಎಂದು ಬರೆದುಕೊಂಡು ಪುಟ ತಿರುಗಿಸಿದರೆ ಪಾಠ ಅಲ್ಲಿಗೇ ನಿಲ್ಲುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಆ ಕ್ಷಣದಲ್ಲಿ ನಾಯಿಗೆ ಹೆಚ್ಚು ಕೊಡುತ್ತಿರುವುದು ಯಾರು, ನೀವೋ ನೆಲವೋ? ಬೀದಿಯಲ್ಲಿ ಬಹುಪಾಲು ನೆಲವೇ ಗೆಲ್ಲುತ್ತದೆ. ಹಾಗಾಗಿ ವಾಸನೆಯ ಜೊತೆ ಜಗಳಕ್ಕೆ ನಿಲ್ಲದೆ, ಆ ವಾಸನೆಯನ್ನೇ ಕೂಲಿಯಾಗಿ ಕೊಡುವುದನ್ನು ಕಲಿಯಬೇಕು. ಈ ಟಿಪ್ಪಣಿ ಬರೆದಿರುವುದು ಅದಕ್ಕಾಗಿ.

ತಳಿಯ ಹಿನ್ನೆಲೆ

ಬೀಗಲ್ ಇಂಗ್ಲೆಂಡಿನ ಮೊಲಬೇಟೆಗೆಂದು ಬೆಳೆಸಿದ ತಳಿ. ಬೇಟೆಗಾರರು ಕಾಲ್ನಡಿಗೆಯಲ್ಲೇ ಹಿಂಬಾಲಿಸಬಹುದಾದಷ್ಟು ಗಿಡ್ಡ ಕಾಲು, ಜಾಡು ಬಿಡದ ಪಟ್ಟು, ಹೊಲಗಳಾಚೆಗೂ ಕೇಳುವ ಕೂಗು, ಹುಲ್ಲಿನ ಮೇಲೆ ಎದ್ದು ಕಾಣುವ ಬಿಳಿಯ ಬಾಲದ ತುದಿ: ಇವನ್ನೆಲ್ಲ ತಲೆಮಾರುಗಟ್ಟಲೆ ಆರಿಸಿ ಕೂಡಿಸಿದ್ದಾರೆ. ಮೊಲ ಎತ್ತ ಹೋಯಿತೆಂದು ನಿರ್ಧರಿಸುವುದು ನಾಯಿಯ ಹಿಂಡು, ಅದರ ಹಿಂದೆ ಓಡುವುದು ಮನುಷ್ಯ. ಹೆಜ್ಜೆಹೆಜ್ಜೆಗೂ ಯಜಮಾನನ ಮುಖ ನೋಡುವ ನಾಯಿ ಅಲ್ಲಿ ಕೆಲಸಕ್ಕೇ ಬರುತ್ತಿರಲಿಲ್ಲ.

2009ರಲ್ಲಿ ಹಂಗೇರಿಯ ಮಾರ್ತಾ ಗಾಚಿ ಮತ್ತು ಸಂಗಡಿಗರು ಇದಕ್ಕೆ ಹತ್ತಿರದ ಪ್ರಶ್ನೆಯೊಂದನ್ನು ಪರೀಕ್ಷಿಸಿದರು. ಮನುಷ್ಯನೊಂದಿಗೆ ಕಣ್ಣು ಕೂಡಿಸಿ ದುಡಿಯಲೆಂದು ಬೆಳೆಸಿದ ತಳಿಗಳು ಬೆರಳಿನ ಸನ್ನೆಯನ್ನು ಚೆನ್ನಾಗಿ ಅನುಸರಿಸಿದವು. ತಮ್ಮಷ್ಟಕ್ಕೆ ದುಡಿಯುವ ತಳಿಗಳು ಅಷ್ಟಾಗಿ ಅನುಸರಿಸಲಿಲ್ಲ. ಬುದ್ಧಿ ಕಡಿಮೆ ಎಂದು ಇದರ ಅರ್ಥವಲ್ಲ. ಅಮೆರಿಕದ ಕೃಷಿ ಇಲಾಖೆ 1984ರಲ್ಲಿ ಇದೇ ತಳಿಯನ್ನು ವಿಮಾನ ನಿಲ್ದಾಣಗಳಲ್ಲಿ ಬಳಸತೊಡಗಿತು. ಸಾವಿರಾರು ಜನರ ಗದ್ದಲದಲ್ಲಿ ಹಣ್ಣು, ಮಾಂಸ ಅಡಗಿರುವ ಚೀಲವನ್ನು ಪತ್ತೆ ಮಾಡಿ ಅದರ ಪಕ್ಕ ಸುಮ್ಮನೆ ಕುಳಿತುಕೊಳ್ಳುತ್ತದೆ. ‘ಮಾತು ಕೇಳದ ನಾಯಿ’ ಅಲ್ಲಿ ಮಾತು ಕೇಳುವುದೇಕೆಂದರೆ, ಅಲ್ಲಿ ಹೇಳುವ ಕೆಲಸವೇ ಮೂಗಿನದು.

ನಮ್ಮ ಮುಧೋಳ ನಾಯಿಯ ಅನುಭವವಿರುವವರಿಗೆ ಒಂದು ಎಚ್ಚರಿಕೆ. ಮುಧೋಳ ಕಣ್ಣಿನ ಬೇಟೆನಾಯಿ. ಓಡುವುದನ್ನು ಕಂಡರೆ ಬೆನ್ನಟ್ಟುತ್ತದೆ. ಬೀಗಲ್‌ಗೆ ಏನೂ ಕಾಣಬೇಕಾಗಿಲ್ಲ, ರಾತ್ರಿ ಹಾದುಹೋದ ಹೆಗ್ಗಣದ ಜಾಡು ಬೆಳಿಗ್ಗೆ ಸಾಕು. ಅದರ ಕಣ್ಣಿಗೆ ಏನು ಬೀಳುತ್ತಿದೆ ಎಂದು ನೋಡುತ್ತಿದ್ದರೆ ನಾವು ಯಾವಾಗಲೂ ತಡವಾಗುತ್ತೇವೆ.

ಮೂಗು ಹಿಡಿಯುವ ಮೊದಲಿನ ಒಂದು ಕ್ಷಣ

ನಾಯಿಯ ಮೂಗಿನಲ್ಲಿ ವಾಸನೆ ಗ್ರಹಿಸುವ ಕೋಶಗಳು 20 ಕೋಟಿಗೂ ಹೆಚ್ಚು. ನಮ್ಮಲ್ಲಿ ಕೆಲವೇ ದಶಲಕ್ಷ. ಮೂಸುವಾಗ ಸೆಕೆಂಡಿಗೆ ಸುಮಾರು ಐದು ಬಾರಿ ಗಾಳಿ ಒಳಹೊರಗಾಗುತ್ತದೆ. ಹೊರಬಿಡುವ ಉಸಿರು ಮೂಗಿನ ಪಕ್ಕದ ಸೀಳಿನಿಂದ ಬದಿಗೆ ಹೋಗುವುದರಿಂದ ಎದುರಿನ ವಾಸನೆ ಕಲಕುವುದಿಲ್ಲ. ಬಾಯಿ ತೆರೆದು ಏದುವ ನಾಯಿ ಚೆನ್ನಾಗಿ ಮೂಸಲಾರದು. ಇದು ನಮಗೆ ಉಪಯೋಗಕ್ಕೆ ಬರುವ ಸಂಗತಿ, ಏಕೆಂದರೆ ಬಾಯಿಯೇ ನಮಗೆ ಸಿಗುವ ಮೊದಲ ಸೂಚನೆ.

ಹಗ್ಗ ಹಿಡಿದು ನಡೆಯುವಾಗ ಹಿಂದಿನಿಂದ ಗಮನಿಸಿ. ಮೊದಲು ಅರೆತೆರೆದ ಬಾಯಿ ಮುಚ್ಚಿಕೊಳ್ಳುತ್ತದೆ. ಬಾಲದ ಆಟ ಚುರುಕಾಗುತ್ತದೆ. ತಲೆ ಭುಜಕ್ಕಿಂತ ಕೆಳಗಿಳಿದು ನಡಿಗೆ ಓರೆಯಾಗುತ್ತದೆ. ಆಮೇಲೆ ಮೂಗಿನಿಂದ ‘ಸುಸ್ ಸುಸ್’ ಎಂಬ ಬಿರುಸಾದ ಸದ್ದು, ಅಲ್ಲಿಗೆ ಜಾಡು ಹಿಡಿದಾಯಿತು. ಜಾಡು ಹಿಡಿದ ಮೇಲೆ ಹೆಸರು ಕರೆದರೆ, ಕರೆದಷ್ಟೂ ಆ ಹೆಸರಿನ ಬೆಲೆ ಇಳಿಯುತ್ತದೆ. ಕರೆಯಬೇಕಾದದ್ದು ಬಾಯಿ ಮುಚ್ಚಿದ ಕ್ಷಣದಲ್ಲಿ. ಈ ತಳಿಯ ತರಬೇತಿಯಲ್ಲಿ ಅರ್ಧ ಪಾಲು ಈ ಒಂದು ಸಮಯಜ್ಞಾನವೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೂಲಿಯ ಲೆಕ್ಕ

ಮನೋವಿಜ್ಞಾನಿ ಡೇವಿಡ್ ಪ್ರಿಮ್ಯಾಕ್ 1959ರಲ್ಲಿ ಮಂಡಿಸಿದ ತತ್ವ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ: ಪ್ರಾಣಿ ತಾನಾಗಿಯೇ ಹೆಚ್ಚು ಮಾಡುವ ಕೆಲಸವನ್ನು, ಅದು ಕಡಿಮೆ ಮಾಡುವ ಕೆಲಸಕ್ಕೆ ಬಹುಮಾನವಾಗಿ ಬಳಸಬಹುದು. ಹೋಮ್‌ವರ್ಕ್ ಮುಗಿಸಿದರೆ ಆಟಕ್ಕೆ ಬಿಡುತ್ತೇನೆ ಎನ್ನುವ ತಾಯಿ ಬಳಸುವುದೂ ಇದನ್ನೇ. ಬೀಗಲ್ ತಾನಾಗಿ ಮಾಡುವ ಕೆಲಸ ಮೂಸುವುದು, ಕಡಿಮೆ ಮಾಡುವುದು ನಿಮ್ಮ ಕಡೆ ತಿರುಗುವುದು.

ಅಭ್ಯಾಸಕ್ಕೆ ಒಂದು ದೀಪದ ಕಂಬ ಸಾಕು. ಬೀದಿನಾಯಿಗಳೆಲ್ಲ ಬಂದು ಗುರುತು ಬಿಟ್ಟುಹೋಗುವ ಕಂಬವಾದರೆ ಇನ್ನೂ ಒಳ್ಳೆಯದು. ಅದರಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತುಬಿಡಿ. ಹಗ್ಗ ಎಳೆಯಬೇಡಿ, ಮಾತನಾಡಲೂ ಬೇಡಿ. ನಾಯಿ ಮುಂದಕ್ಕೆ ವಾಲುತ್ತದೆ, ಕುಂಯ್ಗುಡುತ್ತದೆ, ನೆಲ ಮೂಸುತ್ತದೆ, ಕೊನೆಗೊಮ್ಮೆ ‘ಏನಾಯಿತು?’ ಎಂಬಂತೆ ನಿಮ್ಮತ್ತ ನೋಡುತ್ತದೆ. ನೋಡಿದ ಅದೇ ಗಳಿಗೆಯಲ್ಲಿ ‘ಮೂಸು’ ಎಂದು ಹೇಳಿ, ಹಗ್ಗ ಸಡಿಲಿಸಿ, ಅದರ ಜೊತೆಗೇ ಕಂಬದ ಕಡೆ ನಡೆಯಿರಿ. ಅಲ್ಲಿ ಮನಸಾರೆ ಮೂಸಲು ಬಿಡಿ, ಅವಸರಿಸಬೇಡಿ. ಮುಂದಿನ ಕಂಬದಲ್ಲೂ ಹೀಗೆಯೇ. ದಿನ ಕಳೆದಂತೆ ನೋಟ ಬೇಗ ಬರತೊಡಗುತ್ತದೆ. ಆಮೇಲೆ ನೋಟದ ಜೊತೆಗೆ ಎರಡು ಹೆಜ್ಜೆ ಸಡಿಲ ಹಗ್ಗದ ನಡಿಗೆ ಕೇಳಿ, ಅದು ರೂಢಿಯಾದ ಮೇಲೆ ಐದು. ತಿನಿಸು ಬೇಡವೆಂದಲ್ಲ, ಬೇಯಿಸಿದ ಕೋಳಿಯ ಚೂರು ಜೇಬಿನಲ್ಲಿರಲಿ. ಆದರೆ ಹೆಗ್ಗಣದ ಜಾಡಿನ ಎದುರು ಒಣ ಬಿಸ್ಕತ್ತು ಹಿಡಿದು ನಿಂತು, ನಾಯಿಗೆ ತಿನಿಸಿನ ಆಸೆಯೇ ಇಲ್ಲ ಎಂದು ತೀರ್ಮಾನಿಸಬೇಡಿ.

ಕೊರಳಪಟ್ಟಿಗೆ ಹಗ್ಗ ಕಟ್ಟಿದರೆ ಎಳೆತವೆಲ್ಲ ಗಂಟಲಿಗೆ ಬೀಳುತ್ತದೆ. ಎದೆಯ ಮುಂದೆ ಕೊಂಡಿ ಇರುವ ಹಾರ್ನೆಸ್ (ಮೈಗೆ ತೊಡಿಸುವ ಪಟ್ಟಿ) ಒಳ್ಳೆಯದು. ಮುಳ್ಳಿನ ಪಟ್ಟಿ, ಕರೆಂಟ್ ಪಟ್ಟಿಗಳನ್ನು ನಾನು ಒಪ್ಪುವುದಿಲ್ಲ. ಎದುರಿಗೆ ಬಂದ ಮಗುವನ್ನೋ ನಾಯಿಯನ್ನೋ ಕಂಡ ಗಳಿಗೆಯಲ್ಲೇ ನೋವು ಬಡಿದರೆ, ನಾಯಿ ನೋವನ್ನು ಆ ಮಗುವಿಗೆ ಜೋಡಿಸಿಕೊಳ್ಳುತ್ತದೆ. ಎಳೆತ ಹೋಗಿ ಗುರ್ ಎನ್ನುವುದು ಶುರುವಾಗುತ್ತದೆ.

‘ಬಾ’ ಎಂಬುದನ್ನು ಉದ್ದ ಹಗ್ಗದಲ್ಲಿ, ಬೇಲಿಯಿರುವ ಜಾಗದಲ್ಲಿ ಕಲಿಸಿ. ಬಂದಾಗ ತಿನಿಸು ಕೊಟ್ಟು, ಹಗ್ಗ ಬಿಗಿಯದೆ, ಮತ್ತೆ ‘ಮೂಸು’ ಎಂದು ಕಳುಹಿಸಿ. ಬಂದರೆ ಆಟ ಮುಗಿಯಿತು ಎಂದು ಕಲಿತ ನಾಯಿ ಬರುವುದನ್ನೇ ಬಿಡುತ್ತದೆ. ಎಷ್ಟೇ ಚೆನ್ನಾಗಿ ಕಲಿತಿರಲಿ, ನಗರದ ರಸ್ತೆಯಲ್ಲಿ ಈ ತಳಿಯನ್ನು ಹಗ್ಗವಿಲ್ಲದೆ ಬಿಡಬಾರದು. ಜಾಡು ಹಿಡಿದ ಬೀಗಲ್‌ಗೆ ಬಸ್ಸು ಕಾಣಿಸುವುದಿಲ್ಲ.

ನೆಲದ ಮೇಲಿನ ಅನ್ನ, ಮೂಳೆ

ಬೆಂಗಳೂರಿನಂಥ ಊರಿನಲ್ಲಿ ಕೋಳಿ ಅಂಗಡಿಯ ಪಕ್ಕ, ಬೀದಿನಾಯಿಗಳಿಗೆಂದು ಅನ್ನ ಸುರಿದ ಮೂಲೆಯಲ್ಲಿ, ಕಸದ ರಾಶಿಯ ಬಳಿ ನಡಿಗೆ ಸಾಗಬೇಕು. ಬೇಯಿಸಿದ ಕೋಳಿಮೂಳೆ ಚೂಪಾಗಿ ಸೀಳುತ್ತದೆ. ಚಾಕೊಲೇಟ್, ಈರುಳ್ಳಿ, ದ್ರಾಕ್ಷಿ ವಿಷ. ಇಲಿಪಾಷಾಣದ ಭಯವೂ ಇದೆ. ಬಾಯಿಗೆ ಕೈ ಹಾಕಿ ಕಿತ್ತುಕೊಳ್ಳುವ ಮನೆಗಳಲ್ಲಿ ನಾಯಿ ಬೇಗ ನುಂಗುವುದನ್ನು ಕಲಿಯುತ್ತದೆ. ಹಾಗಾಗಿ ‘ಬಿಡು’ ಎಂಬುದನ್ನು ಮನೆಯಲ್ಲೇ ವಿನಿಮಯವಾಗಿ ಕಲಿಸಿ: ಆಟಿಕೆ ಬಿಟ್ಟರೆ ಕೋಳಿ ಚೂರು, ಚೂರು ತಿಂದ ಮೇಲೆ ಆಟಿಕೆಯೂ ವಾಪಸ್ಸು. ಕೊಟ್ಟರೆ ನಷ್ಟವಿಲ್ಲ ಎಂಬ ನಂಬಿಕೆ ಬೇರೂರಿದ ಮೇಲಷ್ಟೇ ಬೀದಿಯಲ್ಲಿ ಕೇಳಿ.

ಕೂಗು ಮತ್ತು ಒಂಟಿತನ

ಅಪಾರ್ಟ್‌ಮೆಂಟಿನಲ್ಲಿ ಜಗಳ ಹುಟ್ಟುವುದು ಇಲ್ಲಿಯೇ. ಬೀಗಲ್ ಬೊಗಳುತ್ತದೆ, ಊಳಿಡುತ್ತದೆ, ಇವೆರಡರ ನಡುವೆ ಜಾಡು ಸಿಕ್ಕಾಗಿನ ಉದ್ದನೆಯ ಕೂಗೊಂದಿದೆ. ಮೂರಕ್ಕೂ ಕಾರಣ ಬೇರೆಬೇರೆ. ಲಿಫ್ಟಿನ ಸದ್ದಿಗೆ ಬೊಗಳುವ ನಾಯಿಗೆ, ಸದ್ದು ಬಂದಾಗಲೆಲ್ಲ ಚಾಪೆಗೆ ಹೋದರೆ ತಿನಿಸು ಎಂಬ ಪಾಠ ಸಾಕಾಗಬಹುದು. ನೀವು ಹೊರಟ ಮೇಲೆ ಊಳಿಡುವ ನಾಯಿಯದು ಕಲಿಯಬೇಕಾದ ಶಿಸ್ತಲ್ಲ, ಸಂಕಟ. ಹಿಂಡಿನಲ್ಲಿ ಬಾಳಿದ ತಳಿಯನ್ನು ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ಹಾಕಿಕೊಂಡು ಹೋಗಿ ರಾತ್ರಿ ಎಂಟಕ್ಕೆ ಬರುವ ಮನೆಗೆ ತರಲೇಬಾರದು ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ತಂದಾಗಿದ್ದರೆ ದಾರಿ ನಿಧಾನದ್ದು. ಬೀಗದ ಕೈ ಎತ್ತಿಕೊಂಡು ಎಲ್ಲಿಗೂ ಹೋಗದೆ ಕುಳಿತುಕೊಳ್ಳಿ. ಬಾಗಿಲು ತೆರೆದು ಮುಚ್ಚಿ. ಹೊರಗೆ ಒಂದು ಕ್ಷಣ ನಿಂತು, ಅಳು ಶುರುವಾಗುವ ಮೊದಲೇ ಒಳಬನ್ನಿ. ಮೊಬೈಲಿನಲ್ಲಿ ದೃಶ್ಯ ದಾಖಲಿಸಿಕೊಂಡರೆ ನಾಯಿ ಯಾವ ಘಟ್ಟದಲ್ಲಿ ಕಳವಳಪಡುತ್ತದೆಂದು ತಿಳಿಯುತ್ತದೆ. ಅವಧಿಯನ್ನು ಆ ಘಟ್ಟದ ಒಳಗೇ ಇಟ್ಟು ಸ್ವಲ್ಪಸ್ವಲ್ಪ ಹಿಗ್ಗಿಸಿ.

ನೆರೆಯವರ ವಿಷಯಕ್ಕೆ ಬಂದರೆ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯ ಪ್ರಕಾರ ನಿವಾಸಿಗಳ ಸಂಘಗಳು ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ. ನೆರೆಯವರಿಗೆ ತೊಂದರೆಯಾಗದಂತೆ ನೋಡಿಕೊಳ್ಳಿ ಎಂದು ಸಾಕುವವರಿಗೂ ಅದು ಹೇಳುತ್ತದೆ. ಪಕ್ಕದ ಮನೆಯವರಿಗೆ ‘ತರಬೇತಿ ನಡೆಯುತ್ತಿದೆ, ಸ್ವಲ್ಪ ಸಹಿಸಿಕೊಳ್ಳಿ’ ಎಂದು ಮುಂಚಿತವಾಗಿ ಹೇಳಿ ಬರುವುದು ಈ ಪಾಠದ ಭಾಗವೇ.

ಮನೆಯೊಳಗಿನ ಮೂಗಿನ ಕೆಲಸ

2019ರಲ್ಲಿ ಷಾರ್ಲಟ್ ಡ್ಯುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಜ್ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪಿನ ಸಾಕುನಾಯಿಗಳು ಎರಡು ವಾರ ವಾಸನೆ ಹುಡುಕುವ ಆಟ ಆಡಿದವು, ಇನ್ನೊಂದು ಗುಂಪು ಯಜಮಾನರ ಪಕ್ಕ ಹೆಜ್ಜೆ ಹಾಕುವುದನ್ನು ಅಭ್ಯಾಸ ಮಾಡಿತು. ಆಮೇಲಿನ ಪರೀಕ್ಷೆಯಲ್ಲಿ, ಒಳಗೆ ಏನಾದರೂ ಇದೆಯೋ ಇಲ್ಲವೋ ಎಂಬ ಅನುಮಾನದ ಬಟ್ಟಲಿನ ಕಡೆಗೆ ಮೊದಲ ಗುಂಪಿನ ನಾಯಿಗಳು ಮೊದಲಿಗಿಂತ ಬೇಗ ಹೋದವು. ಅವುಗಳ ಮನಸ್ಸು ಹೆಚ್ಚು ಆಶಾದಾಯಕವಾಗಿತ್ತು ಎಂದು ಸಂಶೋಧಕರು ಅರ್ಥೈಸಿದರು.

ದುಬಾರಿ ಸಾಮಾನು ಬೇಕಿಲ್ಲ. ಹಳೆಯ ಟವೆಲ್ಲಿನ ಮಡಿಕೆಗಳಲ್ಲಿ ನಾಯಿಯ ಒಣ ಆಹಾರದ ಕಾಳುಗಳನ್ನು ಸುತ್ತಿಡಿ, ರಟ್ಟಿನ ಪೆಟ್ಟಿಗೆಗಳಲ್ಲಿ ಒಂದರೊಳಗೆ ಮಾತ್ರ ಒಣಮೀನು ಬಚ್ಚಿಡಿ. ಹೀಗೆ ಕೊಡುವುದೆಲ್ಲ ದಿನದ ಊಟದಿಂದಲೇ ಕಳೆಯಬೇಕು, ಏಕೆಂದರೆ ಈ ತಳಿ ಬಹಳ ಬೇಗ ಬೊಜ್ಜು ಬೆಳೆಸುತ್ತದೆ. ಬಟ್ಟಲಿನಲ್ಲಿ ಸುರಿದರೆ ಅರೆನಿಮಿಷದಲ್ಲಿ ಮುಗಿಯುವ ಊಟ ಹೀಗೆ ದೀರ್ಘವಾದ ಕೆಲಸವಾಗುತ್ತದೆ. ಬೇಸಿಗೆಯ ಮಧ್ಯಾಹ್ನ ಕಾಲುದಾರಿಯ ಕಲ್ಲು ಸುಡುವಾಗ, ದೀಪಾವಳಿಯ ಸಂಜೆ ಹೊರಗೆ ಕಾಲಿಡಲಾಗದಿದ್ದಾಗ, ನಡಿಗೆಯ ಬದಲಿಗೆ ಇದನ್ನೇ ಕೊಡಬಹುದು.

ಕಲಿತದ್ದನ್ನು ನಾಯಿ ಇದ್ದಕ್ಕಿದ್ದಂತೆ ಕೇಳದಾದರೆ ತರಬೇತಿಯ ತಪ್ಪು ಹುಡುಕುವ ಮೊದಲು ಕಿವಿ ಎತ್ತಿ ನೋಡಿ. ಜೋಲುಕಿವಿಯೊಳಗೆ ಗಾಳಿ ಆಡದೆ ಸೋಂಕು ಸುಲಭವಾಗಿ ಹತ್ತುತ್ತದೆ. ಕೆಟ್ಟ ವಾಸನೆ, ಕೆಂಪು, ತಲೆ ಕೊಡಹುವುದು ಕಂಡರೆ ಪಶುವೈದ್ಯರ ಬಳಿ ಹೋಗಿ. ಉಣ್ಣಿ ಹತ್ತಿದೆಯೇ, ಮೈ ಬಿಸಿಯಾಗಿದೆಯೇ ನೋಡಿ. ಆರು ತಿಂಗಳಿಂದ ಒಂದೂವರೆ ವರ್ಷದ ನಡುವಿನ ಹರೆಯವಾದರೆ ಹಳೆಯ ಪಾಠ ಮರೆತಂತೆ ಕಾಣುವುದು ಸಹಜ. ಆಗ ಹಗ್ಗ ಗಿಡ್ಡ ಮಾಡಿ ಗದರಿಸಬೇಡಿ. ಕಂಬದಿಂದ ಹತ್ತು ಹೆಜ್ಜೆಯ ಬದಲು ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು, ಅದರ ನೋಟಕ್ಕಾಗಿ ಕಾಯಿರಿ.